ವಿಕಲಚೇತನರೂ ಉತ್ತರಿಸಬಲ್ಲ ಸಮೀಕ್ಷೆಗೆ ಗೂಗಲ್ ಫಾರ್ಮ್ಸ್ ಸಾಕೇ?

ಮಾರುಕಟ್ಟೆ ಸಮೀಕ್ಷೆ ಮಾಡುವವರಲ್ಲಿ ಗೂಗಲ್ ಫಾರ್ಮ್ಸ್ ಅಂದರೆ ಮೂಗು ಮುರಿಯುವವರೇ ಹೆಚ್ಚು. ಎಳೆದು ಜೋಡಿಸುವ ರ‍್ಯಾಂಕಿಂಗ್ ಇಲ್ಲ, ಸ್ಲೈಡರ್ ಇಲ್ಲ, ಚಿತ್ರದ ಮೇಲೆ ಒತ್ತಿ ಉತ್ತರಿಸುವ ಹೀಟ್ ಮ್ಯಾಪ್ ಇಲ್ಲ. ಡಿಜಿಟಲ್ ಸುಗಮ್ಯತೆಯ, ಅಂದರೆ ವಿಕಲಚೇತನರೂ ಬಳಸುವಂತಿರಬೇಕೆನ್ನುವ, ಕಾನೂನುಗಳು ಬಿಗಿಯಾಗುತ್ತಿರುವ ಈ ಹೊತ್ತಿನಲ್ಲಿ ಫಾರ್ಮ್ಸ್‌ಗೆ ಬಲ ಬಂದಿರುವುದು ಈ ಕೊರತೆಗಳಿಂದಲೇ: ಅದರಲ್ಲಿಲ್ಲದ ಈ ಪ್ರಶ್ನೆಗಳೆಲ್ಲ ಮೌಸ್ ಅಥವಾ ಕಣ್ಣನ್ನು ನೆಚ್ಚಿದವು.

ಕಾನೂನು ಎಲ್ಲಿ ತಾಗುತ್ತದೆ ಎಂಬುದನ್ನು ಮೊದಲು ನೋಡಬೇಕು. ಯುರೋಪಿಯನ್ ಆ್ಯಕ್ಸೆಸಿಬಿಲಿಟಿ ಆ್ಯಕ್ಟ್ 2025ರ ಜೂನ್ 28ರಿಂದ ಅನ್ವಯವಾಗಿದೆ. ಅದು ಸಮೀಕ್ಷೆಯನ್ನು ಪ್ರತ್ಯೇಕ ಸೇವೆಯಾಗಿ ಪಟ್ಟಿ ಮಾಡಿಲ್ಲ. ಆದರೆ ಆನ್‌ಲೈನ್ ಮಾರಾಟ, ಗ್ರಾಹಕರ ಬ್ಯಾಂಕಿಂಗ್ ಅದರ ವ್ಯಾಪ್ತಿಗೆ ಬರುತ್ತವೆ. ಹಣ ಕಟ್ಟಿದ ಕೂಡಲೇ ತೆರೆದುಕೊಳ್ಳುವ ಅಭಿಪ್ರಾಯದ ಫಾರ್ಮ್ ಆ ಸೇವೆಯದೇ ಭಾಗ ಎಂದು ತಿಳಿದು ನಡೆಯುವುದೇ ಕ್ಷೇಮ. ಬೆಂಗಳೂರಿನಲ್ಲಿ ಕೂತು ಯುರೋಪಿನ ಕಂಪನಿಗಳಿಗೆ ಪ್ರಶ್ನಾವಳಿ ಪ್ರೋಗ್ರಾಂ ಮಾಡಿಕೊಡುವವರಿಗೆ ಈ ಹೊಣೆ ಒಪ್ಪಂದದ ಮೂಲಕ ಬರುತ್ತದೆ. ನಮ್ಮಲ್ಲಿ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಇದೆ, ಅಳತೆಗೋಲಾಗಿ ಐಎಸ್ 17802 ಮಾನದಂಡವಿದೆ. 2025ರ ಏಪ್ರಿಲ್ 30ರಂದು ಸುಪ್ರೀಂ ಕೋರ್ಟ್ ಪ್ರಜ್ಞಾ ಪ್ರಸೂನ್ ಪ್ರಕರಣದಲ್ಲಿ, ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕುವುದು ಸಂವಿಧಾನದ 21ನೇ ವಿಧಿಯೊಳಗಿನ ಹಕ್ಕು ಎಂದಿತು. ಕೆವೈಸಿಗಾಗಿ ಕ್ಯಾಮೆರಾ ಮುಂದೆ ಕಣ್ಣು ಮಿಟುಕಿಸಲಾಗದವರ ಪ್ರಕರಣ ಅದು. ಸಮೀಕ್ಷೆಗಳಿಗೆ ಮತ್ತೆ ಮತ್ತೆ ಉತ್ತರಿಸುವವರ ಪ್ಯಾನೆಲ್‌ಗೆ ಜನರನ್ನು ಸೇರಿಸುವಾಗ ಸೆಲ್ಫಿ ವಿಡಿಯೊ ಕೇಳುವ ಸಂಸ್ಥೆಗಳು ಇದನ್ನು ಗಮನವಿಟ್ಟು ಓದಬೇಕು.

ಇನ್ನು ಫಾರ್ಮ್ಸ್ ಒಳಗೆ. ಒಂದೇ ಉತ್ತರದ ಮಲ್ಟಿಪಲ್ ಚಾಯ್ಸ್, ಹಲವು ಉತ್ತರದ ಚೆಕ್‌ಬಾಕ್ಸ್, ಶಾರ್ಟ್ ಆನ್ಸರ್: ಈ ಮೂರೂ ಮೌಸ್ ಇಲ್ಲದೆ ಸಲೀಸಾಗಿ ಸಾಗುತ್ತವೆ. ಮಲ್ಟಿಪಲ್ ಚಾಯ್ಸ್‌ನಲ್ಲಿ ಟ್ಯಾಬ್ ಒತ್ತಿದರೆ ಮುಂದಿನ ಪ್ರಶ್ನೆ, ಬಾಣದ ಕೀಲಿಯಿಂದ ಆಯ್ಕೆ; ಚೆಕ್‌ಬಾಕ್ಸ್‌ನಲ್ಲಿ ಟ್ಯಾಬ್‌ನಿಂದ ಒಂದೊಂದೇ ಆಯ್ಕೆಗೆ ಹೋಗಿ ಸ್ಪೇಸ್ ಒತ್ತಬೇಕು. ಸಮೀಕ್ಷೆಯ ಬಹುಪಾಲು ಇವುಗಳಲ್ಲೇ ಮುಗಿಯಬೇಕು.

ತೊಂದರೆ ಶುರುವಾಗುವುದು ಸಾಲು-ಕಾಲಂಗಳ ಕೋಷ್ಟಕವಾದ ಗ್ರಿಡ್‌ನಲ್ಲಿ. ಆರು ಹೇಳಿಕೆ, ಐದು ಕಾಲಂ ಎಂದರೆ ಮೂವತ್ತು ಗುಂಡಿಗಳು. ಮೊಬೈಲ್ ಪರದೆಯಲ್ಲಿ ಬಲಗಡೆಯ ಕಾಲಂಗಳು ಮರೆಯಾಗಿ ಅಡ್ಡಕ್ಕೆ ಸರಿಸಬೇಕಾಗುತ್ತದೆ. ಅಕ್ಷರ ದೊಡ್ಡದು ಮಾಡಿಕೊಂಡು ಓದುವವರಿಗೆ ಕಾಲಂನ ತಲೆಬರಹವೂ ಸಾಲಿನ ಹೇಳಿಕೆಯೂ ಒಟ್ಟಿಗೆ ಕಾಣುವುದೇ ಇಲ್ಲ. ಇನ್ನೂ ಕೆಟ್ಟದ್ದು, ಗ್ರಿಡ್‌ಗೆ ‘ಕಾಲಂಗೆ ಒಂದೇ ಉತ್ತರ’ ಎಂಬ ಮಿತಿ ಹಾಕಿ ಅದನ್ನೇ ರ‍್ಯಾಂಕಿಂಗ್ ಆಗಿ ಬಳಸುವ ರೂಢಿ. ಯಾವ ಕಾಲಂ ಆಗಲೇ ಬಳಕೆಯಾಗಿದೆ ಎಂಬುದನ್ನು, ಪರದೆಯ ಬರಹವನ್ನು ಓದಿ ಹೇಳುವ ತಂತ್ರಾಂಶವಾದ ಸ್ಕ್ರೀನ್ ರೀಡರ್‌ನಲ್ಲಿ ಕೇಳುವವರು ತಲೆಯಲ್ಲೇ ಇಟ್ಟುಕೊಳ್ಳಬೇಕು. ಗ್ರಿಡ್ ಒಡೆದು ಆರು ಬಿಡಿ ಪ್ರಶ್ನೆ ಮಾಡಿ. ರ‍್ಯಾಂಕಿಂಗ್ ಬೇಕಿದ್ದರೆ ‘ನಿಮ್ಮ ಮೊದಲ ಆಯ್ಕೆ ಯಾವುದು’, ‘ಎರಡನೆಯದು ಯಾವುದು’ ಎಂದು ಕೇಳಿ, ಅಲ್ಲಿಗೆ ನಿಲ್ಲಿಸಿ. ಎಂಟನೆಯ ಸ್ಥಾನದ ಉತ್ತರಕ್ಕೆ ಹೇಗೂ ಬೆಲೆ ಇರುವುದಿಲ್ಲ.

ಅಂಕಿಯಲ್ಲಿ ಉತ್ತರಿಸುವ ಲೀನಿಯರ್ ಸ್ಕೇಲ್‌ನಲ್ಲಿ ಎರಡು ತುದಿಗೆ ಮಾತ್ರ ಹೆಸರು ಕೊಡಬಹುದು. ನಡುವಿನ ‘3’ ಅಂದರೆ ಏನು ಎಂಬುದು ಕಣ್ಣಿಂದ ಸಾಲನ್ನು ಅಳೆಯುವವರಿಗೆ ಹೊಳೆಯುತ್ತದೆ, ಕಿವಿಯಿಂದ ಕೇಳುವವರಿಗೆ ಬರಿಯ ಅಂಕಿ. ಐದೂ ಮಟ್ಟಗಳನ್ನು ಮಾತಿನಲ್ಲೇ ಬರೆದು ಮಲ್ಟಿಪಲ್ ಚಾಯ್ಸ್ ಮಾಡುವುದು ವಾಸಿ. ಆದರೆ ಹಿಂದಿನ ಸುತ್ತಿನ ಅಂಕಿಗಳ ಜೊತೆ ಹೋಲಿಸುವ ಟ್ರ್ಯಾಕಿಂಗ್ ಅಧ್ಯಯನವಾದರೆ ಎಚ್ಚರ: ಸ್ಕೇಲ್‌ನ ರೂಪ ಬದಲಾದರೆ ಉತ್ತರವೂ ಸ್ವಲ್ಪ ಸರಿಯುತ್ತದೆ. ಒಂದು ಸುತ್ತು ಮಾದರಿಯ ಅರ್ಧಕ್ಕೆ ಹಳೆಯದು, ಅರ್ಧಕ್ಕೆ ಹೊಸದು ಕೊಟ್ಟು ವ್ಯತ್ಯಾಸ ಅಳೆದುಕೊಳ್ಳಿ.

ಪ್ಯಾಕೆಟ್ ವಿನ್ಯಾಸ ತೋರಿಸಿ ಅಭಿಪ್ರಾಯ ಕೇಳುವಾಗ ಚಿತ್ರದ ಹೋವರ್ ಟೆಕ್ಸ್ಟ್ (ಸ್ಕ್ರೀನ್ ರೀಡರ್ ಓದುವ ಚಿತ್ರವಿವರಣೆ) ಖಾಲಿ ಬಿಡಬೇಡಿ. ‘ಚಿತ್ರ 1’ ಎಂದರೆ ಉಪಯೋಗವಿಲ್ಲ; ‘ಹಸಿರು ಪ್ಯಾಕೆಟ್, ಮೇಲೆ ಹಳದಿ ಅಕ್ಷರದಲ್ಲಿ ಹೆಸರು, ಕೆಳಗೆ ಬೆಲೆ’ ಎನ್ನಿ. ‘ಆಕರ್ಷಕ’, ‘ಸುಂದರ’ ಎಂದು ಬರೆದರೆ ಉತ್ತರವನ್ನೇ ಬಾಯಿಗೆ ತುರುಕಿದಂತೆ.

ಕನ್ನಡದ ಫಾರ್ಮ್‌ಗಳಿಗೆ ಇನ್ನೊಂದು ಅಡ್ಡಿ. ಜಾಲತಾಣಗಳ ಸುಗಮ್ಯತೆಗಿರುವ ಅಂತರರಾಷ್ಟ್ರೀಯ ಮಾರ್ಗಸೂಚಿ ಡಬ್ಲ್ಯೂಸಿಎಜಿ 2.1ರ 3.1.2ನೇ ನಿಯಮದ ಪ್ರಕಾರ ಪುಟದೊಳಗೆ ಭಾಷೆ ಬದಲಾದಾಗ ಅದನ್ನು ಕೋಡ್‌ನಲ್ಲಿ ಗುರುತಿಸಬೇಕು. ಫಾರ್ಮ್ಸ್‌ನಲ್ಲಿ ಪ್ರಶ್ನೆಗೊಂದು ಭಾಷೆ ಗುರುತಿಸುವ ದಾರಿ ಬರೆಯುವವರಿಗಿಲ್ಲ. ಒಂದೇ ಸಾಲಿನಲ್ಲಿ ಕನ್ನಡ, ಇಂಗ್ಲಿಷ್ ಎರಡನ್ನೂ ಓರೆಗೆರೆ ಹಾಕಿ ಬರೆದರೆ, ಹೊಂದದ ಧ್ವನಿಯ ಸ್ಕ್ರೀನ್ ರೀಡರ್ ಕನ್ನಡವನ್ನು ಹಾರಿಸಿಬಿಡಬಹುದು, ಇಲ್ಲವೇ ಅಕ್ಷರಕ್ಷರ ಬಿಡಿಸಿ ಓದಬಹುದು. ಎರಡು ಫಾರ್ಮ್ ಮಾಡಿ ಎರಡು ಕೊಂಡಿ ಕೊಡಿ. ‘ಒಬ್ಬರಿಗೆ ಒಂದೇ ಉತ್ತರ’ ಎಂಬ ಮಿತಿ ಹಾಕಿದರೆ ಗೂಗಲ್ ಲಾಗಿನ್ ಕಡ್ಡಾಯವಾಗುತ್ತದೆ. ಮನೆಯವರ ಫೋನಿನಲ್ಲಿ ಉತ್ತರಿಸುವವರು ಅಲ್ಲೇ ಹೊರಗುಳಿಯುತ್ತಾರೆ.

ಫಾರ್ಮ್ಸ್ ಸೋಲುವುದು ದೊಡ್ಡ ಅಧ್ಯಯನಗಳಲ್ಲಿ. ಒಂದೊಂದು ಗುಂಪಿನಿಂದ ಇಷ್ಟೇ ಉತ್ತರ ಎಂದು ನಿಲ್ಲಿಸುವ ಕೋಟಾ ಇಲ್ಲ, ಹಿಂದಿನ ಉತ್ತರವನ್ನು ಮುಂದಿನ ಪ್ರಶ್ನೆಯೊಳಗೆ ತರುವ ಪೈಪಿಂಗ್ ಇಲ್ಲ. ಅಲ್ಲಿ ಕ್ವಾಲ್ಟ್ರಿಕ್ಸ್‌ನಂಥ ವೃತ್ತಿಪರ ಸಮೀಕ್ಷಾ ಸಾಧನ ಬೇಕು. ಅದರಲ್ಲಿ ಪ್ರಶ್ನಾವಳಿಯ ಸುಗಮ್ಯತೆ ಪರೀಕ್ಷಿಸುವ ಸೌಲಭ್ಯ ಒಳಗೇ ಇದೆ, ಹೀಟ್ ಮ್ಯಾಪ್‌ನಂಥ ಪ್ರಶ್ನೆಗಳನ್ನು ಅದು ಎತ್ತಿ ತೋರಿಸುತ್ತದೆ. ಸಾಧನ ಕೊಳ್ಳುವಾಗ, ಅದು ಸುಗಮ್ಯತೆಯ ನಿಯಮಗಳನ್ನು ಎಷ್ಟು ಪಾಲಿಸುತ್ತದೆಂದು ಮಾರುವವರು ತಿಳಿಸುವ ವಿಪ್ಯಾಟ್ (VPAT) ವರದಿ ಕೇಳಿ. ಅದರಲ್ಲಿ ‘ಭಾಗಶಃ ಬೆಂಬಲ’ ಎಂದಿರುವ ಸಾಲುಗಳ ಪಕ್ಕದ ಟಿಪ್ಪಣಿಯನ್ನು ತಪ್ಪದೆ ಓದಿ. ಎಳೆಯುವ ಪ್ರಶ್ನೆಗಳಿಗೆ ಬದಲಿ ದಾರಿ ಬೇಕೆಂಬ ನಿಯಮ ಡಬ್ಲ್ಯೂಸಿಎಜಿ 2.2ರದು, ನಮಗೆ ಅನ್ವಯಿಸದು ಎಂದು ಮಾರುವವರು ವಾದಿಸಬಹುದು. ಕೀಬೋರ್ಡ್‌ನಿಂದಲೇ ಎಲ್ಲವೂ ನಡೆಯಬೇಕೆಂಬ 2.1.1ನೇ ನಿಯಮ ಅದಕ್ಕಿಂತ ಬಹಳ ಹಳೆಯದು, ಅದೇ ಸಾಕು.

ಯಾವ ಸಾಧನವೂ ಸರಿಪಡಿಸದ ತಪ್ಪೊಂದು ದತ್ತಾಂಶ ಸೋಸುವ ಹಂತದಲ್ಲಿದೆ. ಸರಾಸರಿಗಿಂತ ಬಹಳ ಹೊತ್ತು ತೆಗೆದುಕೊಂಡವರನ್ನು, ಚಿತ್ರ ನೋಡಿ ಉತ್ತರಿಸುವ ಗಮನ ಪರೀಕ್ಷೆಯಲ್ಲಿ ಸೋತವರನ್ನು ಅಳಿಸುವುದು ವಾಡಿಕೆ. ಅಂಧರು, ಕೈ ನಡುಗುವವರು, ನಿಧಾನ ಓದುವವರು ಪೂರ್ತಿ ಉತ್ತರಿಸಿದ ಮೇಲೂ ಹೀಗೆ ಮಾಯವಾಗುತ್ತಾರೆ. ಇದು ಅನ್ಯಾಯವೂ ಹೌದು, ಮಾದರಿಯೂ ಕೆಡುತ್ತದೆ. ಗಮನ ಪರೀಕ್ಷೆ ಪಠ್ಯದಲ್ಲಿರಲಿ (‘ಈ ಪ್ರಶ್ನೆಗೆ ಎರಡನೆಯ ಉತ್ತರ ಆರಿಸಿ’), ನಿಧಾನಕ್ಕೆ ಮೇಲ್ಮಿತಿ ಬೇಡ, ಅಳಿಸುವ ಮುನ್ನ ತೆರೆದ ಪ್ರಶ್ನೆಗೆ ಅವರು ಬರೆದದ್ದನ್ನು ಓದಿ.

ಕೊಂಡಿ ಹಂಚುವ ಮೊದಲು ಮೂರು ಪರೀಕ್ಷೆ. ಮೌಸ್ ಕಿತ್ತಿಟ್ಟು ಮೊದಲಿನಿಂದ ಸಲ್ಲಿಸುವವರೆಗೆ ಹೋಗಿ. 1280 ಪಿಕ್ಸೆಲ್ ಅಗಲದ ಕಿಟಕಿಯಲ್ಲಿ 400% ಹಿಗ್ಗಿಸಿ, ಅಡ್ಡಕ್ಕೆ ಸರಿಸದೆ ಓದಲಾಗುತ್ತದೆಯೇ ನೋಡಿ. ಕೊನೆಗೆ ಆಂಡ್ರಾಯ್ಡ್ ಫೋನಿನಲ್ಲಿ ಕನ್ನಡ ಧ್ವನಿ ಹಾಕಿ, ಅದರ ಸ್ಕ್ರೀನ್ ರೀಡರ್ ಆದ ಟಾಕ್‌ಬ್ಯಾಕ್ ಆನ್ ಮಾಡಿ, ಪರದೆ ನೋಡದೆ ಉತ್ತರಿಸಿ. ವಿಂಡೋಸ್‌ನಲ್ಲಾದರೆ ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಇದಾದ ಮೇಲೆ, ದಿನವೂ ಸ್ಕ್ರೀನ್ ರೀಡರ್ ಬಳಸುವ ಒಬ್ಬರಿಗೆ ಸಂಭಾವನೆ ಕೊಟ್ಟು ಇನ್ನೊಮ್ಮೆ ಪರೀಕ್ಷೆ ಮಾಡಿಸಿ.