ಪಿನ್‌ಕೋಡ್ ಇಂಡೆಕ್ಸಿಗೆ ಪೋಸ್ಟ್‌ಗ್ರೆಸ್ ಸಾಕೇ? ಬಳಕೆದಾರರ ವಿಮರ್ಶೆ

ಬೆಂಗಳೂರಿನೊಳಗೆ ಪಾರ್ಸೆಲ್ ತಲುಪಿಸುವ ಯಾವ ಸಂಸ್ಥೆಯ ಡೇಟಾಬೇಸಿನಲ್ಲೂ ವೈಟ್‌ಫೀಲ್ಡಿನ 560066, ಕೋರಮಂಗಲದ 560034ರಂಥ ಕೆಲವೇ ಪಿನ್‌ಕೋಡ್‌ಗಳು ಲಕ್ಷಾಂತರ ಸಾಲುಗಳಲ್ಲಿ ಮತ್ತೆ ಮತ್ತೆ ಬರುತ್ತವೆ. ಇಂಥ ಕಾಲಂ ಮೇಲೆ ಇಂಡೆಕ್ಸ್ (ಸಾಲುಗಳನ್ನು ಬೇಗ ಹುಡುಕಲು ಇಡುವ ಸೂಚಿ) ಇದ್ದಾಗ ಹೊಸ ಸಾಲು ಸೇರಿಸುವ ಕೆಲಸವನ್ನು ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ತಂತ್ರಾಂಶದ ಬಿ-ಟ್ರೀ (ಮೌಲ್ಯಗಳನ್ನು ಕ್ರಮವಾಗಿ ಜೋಡಿಸಿಡುವ ಇಂಡೆಕ್ಸ್ ರಚನೆ) ಈಗ ಚೆನ್ನಾಗಿಯೇ ನಿಭಾಯಿಸುತ್ತದೆ, ಹಿಂದೆ ಹಾಗಿರಲಿಲ್ಲ.

11ನೆಯ ಆವೃತ್ತಿಯವರೆಗೆ, ಇಂಡೆಕ್ಸಿನ ಪುಟ (ನಮೂದುಗಳನ್ನಿಡುವ ನಿಗದಿತ ಗಾತ್ರದ ತುಣುಕು) ತುಂಬಿದ್ದರೆ ಅದೇ ಕೀ (ಇಲ್ಲಿ ಪಿನ್‌ಕೋಡ್) ಇರುವ ಮುಂದಿನ ಪುಟಗಳಲ್ಲಿ ಜಾಗ ಹುಡುಕುತ್ತಾ ಹೋಗಿ, ಪ್ರತಿ ಪುಟದಲ್ಲೂ ಸುಮಾರು ಶೇ. 1ರ ಸಾಧ್ಯತೆಯಂತೆ ಹುಡುಕಾಟ ಕೈಬಿಟ್ಟು, ನಿಂತಲ್ಲೇ ಪುಟವನ್ನು ಎರಡಾಗಿ ಒಡೆಯುವ ಪದ್ಧತಿಯಿತ್ತು. 2019ರ 12ನೆಯ ಆವೃತ್ತಿಯು ಟೇಬಲ್‌ನಲ್ಲಿ ಸಾಲು ಇರುವ ಜಾಗದ ವಿಳಾಸವನ್ನೂ ಕೀಯ ಕೊನೆಗೆ ಸೇರಿಸಿ ಹೋಲಿಸತೊಡಗಿದ್ದರಿಂದ ಪ್ರತಿ ನಮೂದಿಗೂ ನಿಶ್ಚಿತ ಸ್ಥಾನ ದೊರೆತು, ಈ ಅಲೆದಾಟ ತಪ್ಪಿತು. ಸೇರ್ಪಡೆಯ ವೇಗಕ್ಕೆ ನಿಜವಾದ ಶ್ರೇಯಸ್ಸು ಈ ಬದಲಾವಣೆಗೇ ಸಲ್ಲಬೇಕು ಎಂಬುದು ನನ್ನ ಅಭಿಪ್ರಾಯ, ಹೆಸರು ಬಂದದ್ದು ಮಾತ್ರ ನಕಲು ನಮೂದುಗಳನ್ನು ಒಗ್ಗೂಡಿಸುವ ಮರುವರ್ಷದ ಡಿಡ್ಯುಪ್ಲಿಕೇಶನ್‌ಗೆ.

13ನೆಯ ಆವೃತ್ತಿಯ ಆ ಸೌಲಭ್ಯದ ಲಾಭವೂ ಸಣ್ಣದಲ್ಲ. 8 ಕೆಬಿ ಪುಟ ತುಂಬಿ ಒಡೆಯಬೇಕಾದ ಹೊತ್ತಿಗೆ ಅದು ಒಂದೇ ಬಗೆಯ ನಮೂದುಗಳನ್ನು ಒಗ್ಗೂಡಿಸಿ, ಕೀಯನ್ನು ಒಮ್ಮೆ ಬರೆದು, ಅದರ ಹಿಂದೆ ತಲಾ 6 ಬೈಟ್‌ಗಳ ವಿಳಾಸಗಳನ್ನು ಜೋಡಿಸುತ್ತದೆ. ಇಂಟಿಜರ್ (ಪೂರ್ಣಾಂಕ) ಕಾಲಂನ ಒಂದೊಂದು ನಮೂದೂ ಮೊದಲು 20 ಬೈಟ್ ತಿನ್ನುತ್ತಿತ್ತು. ಆದ್ದರಿಂದ ಇಂಡೆಕ್ಸ್ ಮೂರನೆಯ ಒಂದು ಭಾಗದ ಹತ್ತಿರಕ್ಕೆ ಇಳಿದರೆ ಅಚ್ಚರಿಯಿಲ್ಲ.

ಆದರೆ ಆವೃತ್ತಿ ಬದಲಿಸಿದೊಡನೆ ಎಲ್ಲವೂ ಸರಿಹೋಗುವುದಿಲ್ಲ. ಆವೃತ್ತಿ ಬದಲಿಸುವ ಸಾಧನವಾದ ಪಿಜಿ-ಅಪ್‌ಗ್ರೇಡ್ ಮೂಲಕ ಬಂದ ಹಳೆಯ ಇಂಡೆಕ್ಸ್‌ಗಳು ರೀಇಂಡೆಕ್ಸ್ ಮಾಡುವವರೆಗೆ, ಅಂದರೆ ಹೊಸದಾಗಿ ಕಟ್ಟುವವರೆಗೆ, ಹಳೆಯ ರೂಪದಲ್ಲೇ ಉಳಿಯುತ್ತವೆ. ಕನ್‌ಕರೆಂಟ್ಲಿ ಆಯ್ಕೆ ಬಳಸಿದರೆ ಬುಕಿಂಗ್ ನಿಲ್ಲಿಸದೆ ಈ ಕೆಲಸ ಮುಗಿಸಬಹುದು, ಡಿಸ್ಕಿನಲ್ಲಿ ಎರಡನೆಯ ಪ್ರತಿಗೆ ಜಾಗವಿರಬೇಕಷ್ಟೇ. ನಕಲುಗಳೇ ಇಲ್ಲದ ಕಾಲಂಗೆ ಸೇರ್ಪಡೆ ಭಾರವಾಗಿದ್ದರೆ ಈ ಸೌಲಭ್ಯವನ್ನು ಆ ಇಂಡೆಕ್ಸಿಗೆ ಮಾತ್ರ ಆಫ್ ಮಾಡಬಹುದು.

ನನ್ನ ದೊಡ್ಡ ಆಕ್ಷೇಪ ಬೇರೆಯೇ ಇದೆ. ಪಿನ್‌ಕೋಡ್ ಕಾಲಂ ಅನ್ನು ನ್ಯೂಮೆರಿಕ್ (ದಶಮಾಂಶ ಸಂಖ್ಯೆಗಳ ಡೇಟಾ ಬಗೆ) ಎಂದು ಘೋಷಿಸಿದ್ದರೆ ಡಿಡ್ಯುಪ್ಲಿಕೇಶನ್ ನಡೆಯುವುದೇ ಇಲ್ಲ, ಏಕೆಂದರೆ ಆ ಬಗೆಯಲ್ಲಿ 5 ಮತ್ತು 5.00 ಸಮವಾದರೂ ದಶಮಾಂಶದ ಸ್ಥಾನಗಳನ್ನು ಬೇರೆಬೇರೆಯಾಗಿಯೇ ಉಳಿಸಬೇಕು. ಫ್ಲೋಟ್ (ಅಂದಾಜು ದಶಮಾಂಶ ಸಂಖ್ಯೆ), ಜೆಸಾನ್‌ಬಿ (ಜೆಸಾನ್ ರೂಪದ ಡೇಟಾ) ಕಾಲಂಗಳಿಗೂ, ಕೀಯ ಜೊತೆ ಬೇರೆ ಕಾಲಂಗಳನ್ನೂ ಇಡುವ ಇನ್‌ಕ್ಲೂಡ್ ಬಳಸಿದ ಇಂಡೆಕ್ಸಿಗೂ ಇದೇ ಗತಿ. ಕಾರಣ ನ್ಯಾಯವಾದದ್ದೇ, ಆದರೆ ಇಂಡೆಕ್ಸ್ ರಚಿಸುವಾಗ ಸಾಮಾನ್ಯ ಸೆಟ್ಟಿಂಗ್‌ನಲ್ಲಿ ಒಂದು ಸಾಲಿನ ಸೂಚನೆಯೂ ಬರುವುದಿಲ್ಲ.