ಬನಶಂಕರಿ ಜಾತ್ರೆಯ ಛಾಯಾಗ್ರಹಣ: 35 ಎಂ.ಎಂ. ಲೆನ್ಸ್ ಲೇಸೋ, 70–200 ಲೇಸೋ?

ಬಾದಾಮಿಯಿಂದ ಸುಮಾರು 5 ಕಿ.ಮೀ. ದೂರದ ಚೊಳಚಗುಡ್ಡದ ಬಳಿ ಬನದ ಹುಣ್ಣಿಮೆಯಂದು ತೇರು ಸಾಗಿದ ಮೇಲೆ ಬನಶಂಕರಿ ಜಾತ್ರೆ ವಾರಗಟ್ಟಲೆ ನಡೆಯುತ್ತದೆ. ದನದ ಸಂತೆ, ನಾಟಕ ಕಂಪನಿಗಳ ಟೆಂಟು, ಕೆತ್ತನೆಯ ಬಾಗಿಲು–ಚೌಕಟ್ಟುಗಳ ಸಾಲು, ಪುಷ್ಕರಣಿಯ ಸುತ್ತ ರೊಟ್ಟಿಬುಟ್ಟಿ ಹೊತ್ತು ಬರುವ ತಾಯಂದಿರು ಎಲ್ಲವೂ ಒಂದೇ ಬಯಲಿನಲ್ಲಿ ಸಿಗುವುದರಿಂದ, ಲೆನ್ಸ್‌ಗಳನ್ನು ಪರೀಕ್ಷಿಸಲು ಇದಕ್ಕಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. ಒಂದೇ ಫುಲ್‌ಫ್ರೇಮ್ (ದೊಡ್ಡ ಸೆನ್ಸರಿನ) ಕ್ಯಾಮೆರಾಕ್ಕೆ ಅಗಲ ನೋಟದ 35 ಎಂ.ಎಂ. ಎಫ್/1.8 ಲೆನ್ಸನ್ನೂ ದೂರದ್ದನ್ನು ಹತ್ತಿರ ತರುವ 70–200 ಎಂ.ಎಂ. ಎಫ್/2.8 ಜೂಮನ್ನೂ ಹಾಕಿ ಅಲ್ಲಿ ದುಡಿದಿದ್ದೇನೆ. ಎಂ.ಎಂ. ಸಂಖ್ಯೆ ಹೆಚ್ಚಿದಷ್ಟೂ ನೋಟ ಕಿರಿದಾಗುತ್ತದೆ, ಎಫ್ ಸಂಖ್ಯೆ ಹೆಚ್ಚಿದಷ್ಟೂ ಒಳಬರುವ ಬೆಳಕು ಕಡಿಮೆಯಾಗುತ್ತದೆ. ನನ್ನ ತೀರ್ಮಾನವನ್ನು ಮೊದಲೇ ಹೇಳಿಬಿಡುತ್ತೇನೆ: ಹೆಗಲಿಗೆ ಒಂದೇ ಲೆನ್ಸ್ ಏರಿಸಬೇಕಾದರೆ ನಾನು 35ನ್ನೇ ಒಯ್ಯುತ್ತೇನೆ. ಆದರೆ ಮೂರು ಸಂದರ್ಭಗಳಲ್ಲಿ ಜೂಮ್ ಲೆನ್ಸ್ ಮಾಡುವ ಕೆಲಸವನ್ನು ಅದು ಎಂದಿಗೂ ಮಾಡಲಾರದು.

ದನದ ಸಂತೆಯಿಂದ ಆರಂಭಿಸೋಣ. ದೂರದಿಂದ ತೆಗೆಯುವ ಜೂಮ್ ಲೆನ್ಸೇ ಪ್ರಾಣಿಗಳಿಗೆ ಸರಿ ಎಂಬುದು ಸಾಮಾನ್ಯ ನಂಬಿಕೆ. ಸಂತೆಯ ಬಯಲಿನಲ್ಲಿ ಆ ಮಾತು ಅರ್ಧ ಮಾತ್ರ ನಿಜ. ಒಂದು ಎತ್ತಿನ ಪೂರ್ತಿ ಮೈಕಟ್ಟನ್ನು, ಅಂದರೆ ಹಿಣಿಲು, ಗಂಗೆದೊಗಲು, ಬೆನ್ನಿನ ಗೆರೆ, ಗೊರಸು, ಬಾಲದ ತುದಿ ಎಲ್ಲವನ್ನೂ ಪಕ್ಕದಿಂದ ತೋರಿಸಬೇಕಾದರೆ, 100 ಎಂ.ಎಂ.ನಲ್ಲಿ ಸುಮಾರು 10 ಮೀಟರ್ ಹಿಂದೆ ಸರಿಯಬೇಕು. ಜೋಡಿಗಳನ್ನು ಒತ್ತೊತ್ತಾಗಿ ಕಟ್ಟಿದ ಜಾಗದಲ್ಲಿ ಆ 10 ಮೀಟರ್ ನಡುವೆ ಮೇವಿನ ರಾಶಿ, ಬಂಡಿ, ವ್ಯಾಪಾರಕ್ಕೆ ಬಂದ ರೈತರು, ದಲಾಲರು ತುಂಬಿರುತ್ತಾರೆ. 35ರಲ್ಲಿ ಮೂರೂವರೆ ಮೀಟರ್ ಸಾಕು. ನಡುವೆ ಯಾರೂ ನುಗ್ಗುವುದಿಲ್ಲ, ಹಿನ್ನೆಲೆಯಲ್ಲಿ ಸಂತೆಯೂ ಉಳಿಯುತ್ತದೆ.

ಆದರೆ ಖಿಲಾರಿ ಹೋರಿಯ ಮುಖವನ್ನು ಎದುರಿನಿಂದ ತೆಗೆಯುವಾಗ 35 ಸೋಲುತ್ತದೆ. ಚೌಕಟ್ಟು ತುಂಬಬೇಕೆಂದು ಹತ್ತಿರ ಹೋದರೆ ಮೂಗು ಉಬ್ಬಿ, ಹಿಂದಕ್ಕೆ ಬಾಗಿ ಮೇಲೇಳುವ ಆ ಉದ್ದನೆಯ ಕೊಂಬುಗಳು ಚಿಕ್ಕದಾಗಿ ಕಾಣುತ್ತವೆ. ಕೊಂಬಿನ ಅಂದವನ್ನೇ ಮೆಚ್ಚಿ ಬೆಲೆ ಕಟ್ಟುವ ಜನರ ನಡುವೆ ನಿಂತು ಅದನ್ನೇ ಕೆಡಿಸಿದ ಚಿತ್ರ ತೆಗೆಯುವುದು ತರವಲ್ಲ. ಆರೇಳು ಮೀಟರ್ ದೂರದಿಂದ 135 ಎಂ.ಎಂ.ನಲ್ಲಿ ತೆಗೆದರೆ ಜೋಡಿಯ ಎರಡೂ ಮುಖಗಳು ತಮ್ಮ ಸಹಜ ಅಳತೆಯಲ್ಲಿ ಬರುತ್ತವೆ. ಇದು ಸುರಕ್ಷತೆಯ ಮಾತೂ ಹೌದು. ಖಿಲಾರಿ ಚುರುಕಿನ, ಬೇಗ ಬೆದರುವ ತಳಿ. "ಫೋಟೋ ತಗೀರಿ, ಆದ್ರ ಎದುರಿಗೆ ನಿಂದರಬ್ಯಾಡ್ರಿ, ಹೊಸ ಹೋರಿ ಐತಿ" ಎಂದು ಮಾಲೀಕರು ಹೇಳಿದರೆ ಆ ಮಾತನ್ನು ಅಕ್ಷರಶಃ ಪಾಲಿಸಬೇಕು. ಇನ್ನೊಂದು ಸಂಗತಿ ಎರಡೂ ಲೆನ್ಸ್‌ಗಳಿಗೆ ಸಮಾನ: ಬಿಳಿಯ ಮೈ ಚೌಕಟ್ಟನ್ನು ತುಂಬಿದಾಗ ಕ್ಯಾಮೆರಾ ಅದನ್ನು ಬೂದಿ ಬಣ್ಣಕ್ಕೆ ಇಳಿಸುತ್ತದೆ, ಆಗ ಎಕ್ಸ್‌ಪೋಷರನ್ನು, ಅಂದರೆ ಚಿತ್ರಕ್ಕೆ ಸಿಗುವ ಬೆಳಕನ್ನು, ಮುಕ್ಕಾಲು ಸ್ಟಾಪಿನಷ್ಟು (ಒಂದು ಸ್ಟಾಪ್ ಹೆಚ್ಚಿದರೆ ಬೆಳಕು ಎರಡು ಪಟ್ಟು) ಹೆಚ್ಚಿಸಬೇಕು, ಅದೇ ಎತ್ತು ಮರದ ನೆರಳಿನ ಕಪ್ಪು ಹಿನ್ನೆಲೆಯಲ್ಲಿ ಚಿಕ್ಕದಾಗಿ ನಿಂತಿದ್ದರೆ ಅಷ್ಟೇ ಕಡಿಮೆ ಮಾಡಬೇಕು. ಇಲ್ಲವಾದರೆ ಬೆನ್ನಿನ ಮೇಲಿನ ಕೂದಲಿನ ವಿವರವೆಲ್ಲ ಸುಣ್ಣ ಬಳಿದಂತೆ ಅಳಿಸಿಹೋಗುತ್ತದೆ.

ಸಂತೆಯಲ್ಲಿ ನನಗೆ ಎಲ್ಲಕ್ಕಿಂತ ಪ್ರಿಯವಾದ ದೃಶ್ಯ ದಲಾಲರು ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದು. ಎರಡು ಕೈಗಳು ಬಟ್ಟೆಯೊಳಗೆ ಮಾತನಾಡುತ್ತಿರುತ್ತವೆ, ಮುಖಗಳು ಏನನ್ನೂ ಬಿಟ್ಟುಕೊಡುವುದಿಲ್ಲ, ಸುತ್ತ ನಿಂತವರ ಕಣ್ಣುಗಳೆಲ್ಲ ಆ ಟವೆಲ್ಲಿನ ಮೇಲೆಯೇ ನೆಟ್ಟಿರುತ್ತವೆ. ಜೂಮಿನಲ್ಲಿ ತೆಗೆದರೆ ಟವೆಲ್ಲು ಮಾತ್ರ ಸಿಗುತ್ತದೆ ಅಥವಾ ಒಂದು ಮುಖ ಮಾತ್ರ ಸಿಗುತ್ತದೆ. 35ರಲ್ಲಿ ಕೈ, ಎರಡು ಮುಖ, ನೋಡುವವರ ಗುಂಪು ಮತ್ತು ವ್ಯಾಪಾರಕ್ಕೆ ಕಾರಣವಾದ ಎತ್ತು ಎಲ್ಲವೂ ಒಂದೇ ಚೌಕಟ್ಟಿನೊಳಗೆ ಕೂರುತ್ತವೆ. ಅಷ್ಟು ಹತ್ತಿರ ನಿಲ್ಲಲು ಮೊದಲು ಪರಿಚಯ ಬೇಕು, ಒಪ್ಪಿಗೆ ಬೇಕು, ವ್ಯಾಪಾರ ಮುರಿಯದಂತೆ ಬಾಯಿ ಮುಚ್ಚಿಕೊಂಡಿರುವ ತಾಳ್ಮೆ ಬೇಕು. ಆ ಲೆನ್ಸ್ ನನ್ನಿಂದ ಈ ಮರ್ಯಾದೆಯನ್ನು ಬೇಡುತ್ತದೆ ಎಂಬುದೇ ಅದರ ಮೇಲಿನ ನನ್ನ ಅಭಿಮಾನಕ್ಕೆ ಮುಖ್ಯ ಕಾರಣ.

ಕಲಾವಿದರ ವಿಷಯದಲ್ಲಿ ಹೋಲಿಕೆ ಇಷ್ಟು ಸರಳವಲ್ಲ. ನಾಟಕದ ಟೆಂಟಿನಲ್ಲಿ ಪ್ರೇಕ್ಷಕರ ಮುಂದೆ ಎದ್ದು ನಿಂತರೆ "ಕುಂದರ್ರಿ, ಏನೂ ಕಾಣವಲ್ದು" ಎಂಬ ಕೂಗು ಕೂಡಲೇ ಏಳುತ್ತದೆ, ಅದು ನ್ಯಾಯವಾದ ಕೂಗು. ಟಿಕೆಟ್ ಕೊಂಡು ಬಂದವರ ನೋಟಕ್ಕೆ ಅಡ್ಡಿಯಾಗದೆ, ಪಕ್ಕದ ಕಂಬದ ಬಳಿ ನಿಂತು ತೆಗೆಯಬೇಕಾದರೆ 70–200 ಅನಿವಾರ್ಯ. ಖಳನ ಹುಬ್ಬು, ಹಾಸ್ಯಪಾತ್ರಧಾರಿ ಕಣ್ಣು ಅರಳಿಸುವ ಕ್ಷಣ ಇವೆಲ್ಲ ಅದರಲ್ಲೇ ಸಿಗುತ್ತವೆ. ತೊಡಕು ಬೆಳಕಿನದು. ಎಫ್/1.8ಕ್ಕೆ ಹೋಲಿಸಿದರೆ ಎಫ್/2.8ರಲ್ಲಿ ಒಂದು ಸ್ಟಾಪಿಗಿಂತ ಹೆಚ್ಚು ಬೆಳಕು ಕಡಿಮೆಯಾಗುತ್ತದೆ, ಐ.ಎಸ್.ಒ. (ಬೆಳಕಿಗೆ ಕ್ಯಾಮೆರಾ ಸ್ಪಂದಿಸುವ ಮಟ್ಟ) 3200ಕ್ಕೋ 6400ಕ್ಕೋ ಏರುತ್ತದೆ. ಇಲ್ಲಿಯ ವಿದ್ಯುತ್ ಸೆಕೆಂಡಿಗೆ 50 ಆವರ್ತನದ್ದಾದ್ದರಿಂದ ಅಗ್ಗದ ಎಲ್.ಇ.ಡಿ. ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಶಟರ್ ವೇಗವನ್ನು 1/100 ಅಥವಾ 1/50 ಸೆಕೆಂಡಿಗೆ ಇಟ್ಟರೆ ಚಿತ್ರದಲ್ಲಿ ಅಡ್ಡಪಟ್ಟೆ ಬೀಳುವುದಿಲ್ಲ. 200 ಎಂ.ಎಂ.ನಲ್ಲಿ ಆ ನಿಧಾನದ ಶಟರಿಗೆ ಕೈ ಅಲುಗದಂತೆ ತಡೆಯುವ ಸ್ಟೆಬಿಲೈಸೇಷನ್ ಬೇಕೇ ಬೇಕು, ನಟರೂ ಸಂಭಾಷಣೆಯ ನಡುವೆ ಒಂದು ಗಳಿಗೆ ನಿಲ್ಲುವ ಕ್ಷಣವನ್ನು ಕಾದು ಹಿಡಿಯಬೇಕು. ಫ್ಲ್ಯಾಶ್ ಬಳಸುವ ಮಾತೇ ಬೇಡ. ಅದು ನಟರ ಕಣ್ಣನ್ನೂ ರಂಗದ ಬೆಳಕನ್ನೂ ಒಟ್ಟಿಗೆ ಹಾಳುಮಾಡುತ್ತದೆ.

ಪರದೆಯ ಹಿಂದೆ ಮಾತ್ರ 35ಕ್ಕೆ ಎದುರಾಳಿಯಿಲ್ಲ. ಕಂಪನಿ ಮಾಲೀಕರ ಅನುಮತಿ ಪಡೆದು ಬಣ್ಣದ ಕೋಣೆಗೆ ಹೋದರೆ, ಟ್ರಂಕು, ಒಡೆದ ಕನ್ನಡಿ, ಹಗ್ಗಕ್ಕೆ ನೇತುಹಾಕಿದ ಸೀರೆಗಳು, ಒಂದೇ ಬಲ್ಬಿನ ಕೆಳಗೆ ಕಾಡಿಗೆ ತೀಡಿಕೊಳ್ಳುತ್ತಿರುವ ಕಲಾವಿದೆ, ಅಷ್ಟರಲ್ಲೇ ಜಾಗ ಮುಗಿಯುತ್ತದೆ. ಜೂಮನ್ನು ಅಲ್ಲಿ ಎತ್ತುವುದೂ ಕಷ್ಟ. ಬಯಲಿನಲ್ಲಿ ನಡೆಯುವ ಕರಡಿ ಮಜಲು ಮತ್ತು ಡೊಳ್ಳು ಮೇಳಗಳಿಗೂ ನಾನು 35ನ್ನೇ ಬಳಸುತ್ತೇನೆ. ಕಲಾವಿದರ ವರ್ತುಲದ ಅಂಚಿನಲ್ಲಿ ಮಂಡಿಯೂರಿ 1/500ರಲ್ಲಿ ತೆಗೆದರೆ ಕೋಲು ಗಾಳಿಯಲ್ಲಿ ನಿಲ್ಲುತ್ತದೆ, 1/60ರಲ್ಲಿ ತೆಗೆದರೆ ಏಟಿನ ರಭಸ ಕಾಣುತ್ತದೆ.

ಜನಸಂದಣಿಗೆ ಬಂದರೆ, ತೇರಿನ ಸಂಜೆ ಜೂಮಿನದೇ ದರ್ಬಾರು. ಉತ್ತತ್ತಿ, ಬಾಳೆಹಣ್ಣು ಎಸೆಯುತ್ತಾ ನುಗ್ಗುವ ಜನರ ನಡುವೆ ಕ್ಯಾಮೆರಾ ಎತ್ತುವುದು ನಮಗೂ ಅಪಾಯ, ಪಕ್ಕದವರಿಗೂ ಅಪಾಯ. ತೇರಿನ ಗಾಲಿಯ ಹತ್ತಿರವಂತೂ ಯಾವ ಚಿತ್ರಕ್ಕಾಗಿಯೂ ಹೋಗಬಾರದು. ಮನೆಯವರನ್ನು ಕೇಳಿ ಮಾಳಿಗೆ ಏರಿ 150 ಎಂ.ಎಂ. ಆಸುಪಾಸಿನಲ್ಲಿ ತೆಗೆದರೆ ತಲೆಗಳ ಸಾಲುಗಳು ಒಂದರ ಮೇಲೊಂದು ಒತ್ತಿಕೊಂಡು, ಹಗ್ಗ ಹಿಡಿದ ಕೈಗಳಿಂದ ತೇರಿನ ಕಳಸದವರೆಗೆ ಜನಸಾಗರ ಮೈದುಂಬಿ ಕಾಣುತ್ತದೆ. ಅದೇ ಮಾಳಿಗೆಯಿಂದ 35ರಲ್ಲಿ ತೆಗೆದ ಚಿತ್ರದಲ್ಲಿ ಅರ್ಧ ಆಕಾಶ, ಕಾಲುಭಾಗ ತಗಡಿನ ಶೀಟು, ತೇರು ದೂರದಲ್ಲೊಂದು ಆಟಿಕೆಯಷ್ಟು ಚಿಕ್ಕದು. ಮರುದಿನದ ಬಳೆ ಅಂಗಡಿ, ಮಿಠಾಯಿ ಅಂಗಡಿಗಳ ಸಾಲಿನಲ್ಲಿ ಮತ್ತೆ ಸಣ್ಣ ಲೆನ್ಸೇ ಹಿತ.

ಧೂಳಿನ ಬಗ್ಗೆ ಒಂದು ಮಾತು. ಸಂತೆಯ ಬಯಲಿನಲ್ಲಿ ಲೆನ್ಸ್ ಬದಲಿಸಿದರೆ ಸೆನ್ಸರಿನ ಮೇಲೆ ಕೂತ ಕಣಗಳು ಎಫ್/11, ಎಫ್/16ರಲ್ಲಿ ತೆಗೆದ ಆಕಾಶದಲ್ಲೆಲ್ಲ ಚುಕ್ಕೆಗಳಾಗಿ ಕಾಣುತ್ತವೆ. ಎರಡನ್ನೂ ಬಳಸುವವರು ಹಗಲಿಗೊಂದು, ರಾತ್ರಿಗೊಂದು ಎಂದು ಕೋಣೆಯಲ್ಲೇ ನಿರ್ಧರಿಸಿ ಹೊರಡುವುದು ಒಳ್ಳೆಯದು.

ಕಿಸೆಯಲ್ಲಿರುವ ಮೊಬೈಲು ರಂಗದ ಮೇಲೆ ಚಲಿಸುವ ನಟರ ಮುಂದೆ ನಿಲ್ಲಲಾರದು, ಏಕೆಂದರೆ ಅದರ ರಾತ್ರಿ ಮೋಡ್ ಹಲವು ಚಿತ್ರಗಳನ್ನು ಬೆಸೆಯುವುದರಿಂದ ಕೈಕಾಲುಗಳು ಮಸುಕಾಗುತ್ತವೆ. ಆದರೂ ಅದನ್ನು ನಾನು ಬಿಟ್ಟು ಹೋಗುವುದಿಲ್ಲ. ಎತ್ತಿನ ಪಕ್ಕ ನಿಂತ ಮಾಲೀಕರ ಒಂದು ಚಿತ್ರವನ್ನು ಅಲ್ಲೇ ಅವರ ವಾಟ್ಸ್ಆ್ಯಪ್‌ಗೆ ಕಳುಹಿಸಿದ ಮೇಲೆ, 35ರಲ್ಲಿ ಅವರ ಹತ್ತಿರ ನಿಲ್ಲಲು ಮತ್ತೆ ಕೇಳಬೇಕಾಗುವುದಿಲ್ಲ.