ರೋಲ್ಯಾಂಡ್ ಎಫ್‌ಪಿ-30ಎಕ್ಸ್: ಕೀಗಳ ತೂಕ, ಬೆರಳಿನ ಅನುಭವ

ಹಾರ್ಮೋನಿಯಂನಲ್ಲಿ ಪಳಗಿದ ಕೈಗೆ ಪಿಯಾನೊದ ಕೀ ಮೊದಮೊದಲು ಭಾರವೆನಿಸುತ್ತದೆ. ಹಾರ್ಮೋನಿಯಂನಲ್ಲಿ ನಾದದ ಏರಿಳಿತ ತಿದಿ ಒತ್ತುವ ಕೈಯದು; ಬಿಳಿ ನಾಲ್ಕರ ಕೀಯನ್ನು ಮೆಲ್ಲಗೆ ಮುಟ್ಟಿದರೂ ಗುದ್ದಿದರೂ ಸ್ವರದ ಬಲ ಬದಲಾಗದು. ಪಿಯಾನೊದಲ್ಲಿ ಕೀ ಇಳಿದ ವೇಗವೇ ತಂತಿಗೆ ಬಡಿಯುವ ಸುತ್ತಿಗೆಯ ರಭಸವಾಗುವುದರಿಂದ ಆ ಹೊಣೆಯೆಲ್ಲ ಬೆರಳಿನದು. ತೀರ್ಥಹಳ್ಳಿಯ ನಮ್ಮ ಮನೆಗೆ ಈ ಡಿಜಿಟಲ್ ಪಿಯಾನೊ ತರಿಸಿದಾಗ ಧ್ವನಿಗಿಂತ ಹೆಚ್ಚಾಗಿ ನಾನು ಗಮನಿಸಿದ್ದು ಈ ಸ್ಪರ್ಶವನ್ನೇ.

ತಂತಿಗಳನ್ನು ಅಡ್ಡಲಾಗಿ ಹಾಸಿದ ಗ್ರ್ಯಾಂಡ್ ಪಿಯಾನೊದಲ್ಲಿ ನಡುವಣ ಕೀ ಇಳಿಯಲು ಸುಮಾರು 50 ಗ್ರಾಂ ಭಾರ ಬೇಕು. ಅದು ಇಳಿಯುವ ಆಳ ಸುಮಾರು 10 ಮಿಲಿಮೀಟರ್. ಇಲ್ಲಿಯೂ 88 ಕೀಗಳಿಗೆ ಸುತ್ತಿಗೆಯಂಥ ತೂಕಗಳನ್ನು ಜೋಡಿಸಲಾಗಿದ್ದು, ಮಂದ್ರದ ಕಡೆ ಭಾರ ಹೆಚ್ಚು, ತಾರದ ಕಡೆ ಕಡಿಮೆ. ನನಗೆ ತುಂಬ ಹಿಡಿಸಿದ್ದು ಬೇರೊಂದು ಸಂಗತಿ. ಕೀಯನ್ನು ಅತಿ ನಿಧಾನವಾಗಿ ಒತ್ತಿದರೆ ಸಣ್ಣದೊಂದು ತಡೆ ಸಿಕ್ಕಿ ಕಳಚಿಕೊಳ್ಳುತ್ತದೆ. ಗ್ರ್ಯಾಂಡ್‌ನಲ್ಲಿ ಸುತ್ತಿಗೆಯನ್ನು ಮೇಲೆ ತಳ್ಳುವ ಸನ್ನೆಕೋಲು, ಸುತ್ತಿಗೆ ತಂತಿಗೆ ತಾಗುವ ತುಸು ಮೊದಲೇ ಜಾರಿ ಅದನ್ನು ಬಿಟ್ಟುಕೊಡುವ ಕ್ಷಣದ ಅನುಕರಣೆ ಇದು. ಜೋರಾಗಿ ನುಡಿಸುವಾಗ ಅದರ ಅರಿವೇ ಆಗದಿದ್ದರೂ, ಮೆಲುದನಿಯ ಭಾಗಗಳಲ್ಲಿ ಸ್ವರ ಎಲ್ಲಿ ಹುಟ್ಟುತ್ತದೆಂಬುದನ್ನು ಬೆರಳು ಅಲ್ಲಿಂದಲೇ ಕಲಿಯುತ್ತದೆ.

ಸ್ಪರ್ಶದ ಸಂವೇದನೆಯನ್ನು ಬದಲಿಸಿಕೊಳ್ಳಬಹುದು. ಆದರೆ ಅದರಿಂದ ಕೀಯ ತೂಕ ಬದಲಾಗದು, ಒತ್ತಿದ ವೇಗಕ್ಕೆ ಎಷ್ಟು ಧ್ವನಿ ಎಂಬ ಲೆಕ್ಕ ಮಾತ್ರ ಬದಲಾಗುತ್ತದೆ. ಹೊಸಬರು ಸುಲಭದ ಹಂತಕ್ಕೆ ಇಳಿಯದೆ ನಡುವಣ ಹಂತದಲ್ಲೇ ಕೆಲವು ವಾರ ತಾಳ್ಮೆಯಿಂದ ನುಡಿಸಬೇಕೆಂದು ನನ್ನ ಬಿನ್ನಹ. ಈ ಗಾತ್ರದ ವಾದ್ಯಗಳಲ್ಲಿ ಕೀಯ ತಿರುಗುಬಿಂದು ಹತ್ತಿರವೇ ಇರುವುದರಿಂದ ಕಪ್ಪು ಕೀಗಳ ನಡುವಿನ ಒಳಭಾಗದಲ್ಲಿ ಒತ್ತಲು ಹೆಚ್ಚು ಬಲ ಬೇಕೆಂಬುದನ್ನೂ ಕೊಳ್ಳುವವರು ತಿಳಿದಿರಬೇಕು.

ಮಲೆನಾಡಿನವರಿಗೆ ಇನ್ನೊಂದು ಮಾತು. ಪರಿಚಿತರ ಮನೆಯ ಹಳೆಯ ಅಪ್‌ರೈಟ್ (ತಂತಿಗಳು ನೆಟ್ಟಗೆ ನಿಂತ) ಪಿಯಾನೊದಲ್ಲಿ ಆಷಾಢದ ತೇವಕ್ಕೆ ಮರವೂ ಉಣ್ಣೆಯ ಫೆಲ್ಟೂ ಉಬ್ಬಿ, ಒತ್ತಿದ ಕೀ ಮೇಲೇಳದೆ ನಿಲ್ಲುವುದನ್ನು ಕಂಡಿದ್ದೇನೆ. ಇದರಲ್ಲಿ ಮಳೆಗಾಲ ಕಳೆದರೂ ಕೀಗಳು ಮೊದಲಿನಂತೆಯೇ ಏಳುತ್ತಿವೆ. ದಂತದ ಮೇಲ್ಮೈಯನ್ನು ಹೋಲುವ ತರಿತರಿ ಹೊದಿಕೆಯಿಂದ ಬೆವರಿದ ಬೆರಳೂ ಜಾರದು. ಬ್ಯಾಟರಿಯ ವ್ಯವಸ್ಥೆ ಇಲ್ಲದ ಕಾರಣ ಕರೆಂಟ್ ಹೋದೊಡನೆ ವಾದ್ಯ ಮೂಕವಾಗುತ್ತದೆ. ಆದರೂ ತೂಕ ಉಳಿದೇ ಇರುತ್ತದೆಯಾದ್ದರಿಂದ, ಅಂಥ ಎಷ್ಟೋ ಸಂಜೆ ದೀಪ ಹಚ್ಚಿಟ್ಟು ಎಡಗೈಯ ಉಂಗುರಬೆರಳಿಗೆ ಸದ್ದಿಲ್ಲದೆ ಅಭ್ಯಾಸ ಮಾಡಿಸಿದ್ದೇನೆ.